ಮಹಾಪೂರದ ಕನಸುಗಳ ವಿಷಯವಾಗಿ

ಕೃಷ್ಣೆ ಮತ್ತು ಘಟಪ್ರಭೆಗಳ ದಡದಲ್ಲಿ ವಾಸಿಸುವ ನಮ್ಮ ಜನರಲ್ಲಿ ಬಹು ಮಂದಿಗೆ ಒಂದು ಬಾಧೆ ಉಂಟು. ರೋಗವೆಂದು ತೋರದ ಕಾರಣ ಅದನ್ನು ವೈದ್ಯರಿಗೆ ತಿಳಿಸುವದಿಲ್ಲ. ನಾಚಿಕೆಯ ನಿಮಿತ್ತ ಸಭೆಯಲ್ಲಿಯೂ ಬಾಯಿ ಬಿಡುವದಿಲ್ಲ. ಕಾರಹುಣ್ಣಿಮೆ ಕಳೆದು, ಘಟ್ಟದ ಕಡೆಗೆ ಮಳೆ ಹಿಡಿಯಿತೆಂಬ ಸುದ್ದಿ ಬಂದ ಕೂಡಲೆ ಇವರ ನಿದ್ರೆ ಕೆಡುವದು. ಮುಧೋಳ ಸೀಮೆಯ ಒಕ್ಕಲಿಗನು ಕನಸಿನಲ್ಲಿ ತನ್ನ ಮಾಳಿಗೆಯ ಮೇಲೆ ನಿಂತು ಸುತ್ತಲೂ ಕೆಂಪು ನೀರನ್ನೇ ಕಾಣುವನು. ರಬಕವಿ ಬನಹಟ್ಟಿಯ ನೇಕಾರನು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿರಲು ಕುಣಿಯ ತಳದಿಂದ ನೀರು ಒಸರಿ ಮೊಣಕಾಲಿಗೆ ಏರುವದು. ಏಳಬೇಕೆಂದರೆ ನೂಲೆಲ್ಲಾ ಕಾಲಿಗೆ ಸುತ್ತಿಕೊಂಡಿರುವದು. ಜಮಖಂಡಿಯ ಹೊಳೆಸಾಲಿನ ತಾಯಿಯು ಕೂಸಿನ ಕೈ ಹಿಡಿದು ಓಡುವಳು. ನಡುನೀರಿನಲ್ಲಿ ಆ ಕೈ ಜಾರುವದು. ಕಿರಿಚಿ ಎದ್ದು ನೋಡಿದರೆ ಕೂಸು ಮಗ್ಗುಲಲ್ಲಿಯೇ ಮಲಗಿರುವದು. ತಾಯಿಯ ಮೈ ಮಾತ್ರ ಬೆವರಿನಿಂದ ತೊಯ್ದಿರುವದು.

ನಾವು ಊರೂರು ತಿರುಗುವಾಗ ಇಂಥವರು ಕೇಳುವ ಪ್ರಶ್ನೆಗಳು ಹೆಚ್ಚಾಗಿ ಎರಡು. ಇದು ಮುಂದೆ ಬರುವ ಕೇಡಿನ ಸೂಚನೆಯೋ? ಅಥವಾ ನಮ್ಮ ನಂಬಿಕೆ ಕಡಿಮೆಯಾದದರಿಂದ ಹೀಗಾಗುವದೋ? ಮೂರನೆಯದೊಂದು ಪ್ರಶ್ನೆ ಉಂಟು. ಅದನ್ನು ಎಲ್ಲರೂ ಎದ್ದು ಹೋದ ಮೇಲೆ, ಬಾಗಿಲ ಹತ್ತಿರ ನಿಂತು, ಸಣ್ಣ ಧ್ವನಿಯಿಂದ ಕೇಳುವರು. ಅದನ್ನು ಮುಂದೆ ಹೇಳುವೆವು.

ಮೊದಲು, ಈ ಕನಸುಗಳು ಬರಿಯ ಗಾಳಿಯಿಂದ ಹುಟ್ಟಿದವುಗಳಲ್ಲವೆಂದು ಒಪ್ಪಿಕೊಳ್ಳತಕ್ಕದ್ದು. ೨೦೦೫, ೨೦೦೯, ೨೦೧೯, ೨೦೨೧ ಎಂಬ ವರುಷಗಳು ನಮ್ಮ ಸೀಮೆಯಲ್ಲಿ ಎಲ್ಲರ ಬಾಯಲ್ಲಿಯೂ ಇವೆ. ೨೦೦೯ರ ಸೆಪ್ಟೆಂಬರ್ ಕೊನೆಗೂ ಅಕ್ಟೋಬರ್ ಮೊದಲಿಗೂ ಮಳೆಯು ಘಟ್ಟದ ಮೇಲಲ್ಲ, ನಮ್ಮ ಒಣ ಬಯಲಿನ ಮೇಲೆಯೇ ಸುರಿಯಿತು. ಮಣ್ಣಿನ ಗೋಡೆಗಳು ನೆನೆದು ಮಲಗಿದವರ ಮೇಲೆ ಬಿದ್ದವು. ನಾಡಿನಲ್ಲಿ ಇನ್ನೂರಕ್ಕೂ ಹೆಚ್ಚು ಜನರು ಸತ್ತರು. ೨೦೧೯ರ ಆಗಸ್ಟಿನಲ್ಲಿ ಆಲಮಟ್ಟಿಯಿಂದ ಹೊರಕ್ಕೆ ಬಿಟ್ಟ ನೀರು ೫ ಲಕ್ಷ ಕ್ಯೂಸೆಕ್ಕನ್ನು ಮೀರಿತು. ಅದೇ ದಿನಗಳಲ್ಲಿ ಹಿಡಕಲ್ ಜಲಾಶಯದ ನೀರಿಗೆ ಮಾರ್ಕಂಡೇಯದ ನೀರೂ ಕೂಡಿ ಘಟಪ್ರಭೆಯು ಮುಧೋಳದ ಕಬ್ಬಿನ ಹೊಲಗಳ ಮೇಲೆ ಹರಿಯಿತು. ಜಮಖಂಡಿಯ ಮುತ್ತೂರಿನಂಥ ಊರುಗಳಲ್ಲಿ ಜನರು ದನಕರುಗಳ ಸಂಗಡ ಮನೆ ಬಿಟ್ಟು ಹೊರಡಬೇಕಾಯಿತು. ಇದನ್ನು ಕಣ್ಣಾರೆ ಕಂಡವನು ರಾತ್ರಿಯಲ್ಲಿ ಮತ್ತೆ ಕಂಡರೆ ಅದೇನು ಆಶ್ಚರ್ಯ?

ಬೀಳಗಿಯವರ ಕನಸು ಸ್ವಲ್ಪ ಬೇರೆ ತರದ್ದು. ಎರಡು ಹೊಳೆಗಳ ನಡುವೆ ಇರುವ ಆ ಸೀಮೆಯಲ್ಲಿ ನೀರು ಬಂದು ಇಳಿದು ಹೋಗಲಿಲ್ಲ. ಆಲಮಟ್ಟಿಯ ಹಿನ್ನೀರಾಗಿ ಅಲ್ಲಿಯೇ ನಿಂತಿತು. ಜಲಾಶಯವನ್ನು ೫೧೯.೬೦ ಮೀಟರಿನ ವರೆಗೆ ತುಂಬಿಸಲು ಊರೂರುಗಳೇ ಎದ್ದು ಪುನರ್ವಸತಿ ಕೇಂದ್ರಗಳಿಗೆ ಹೋದವು. ಅದನ್ನು ೫೨೪.೨೫೬ ಮೀಟರಿಗೆ ಏರಿಸಬಹುದೆಂದು ೨೦೧೦ರಲ್ಲಿ ಕೃಷ್ಣಾ ನ್ಯಾಯಮಂಡಳಿಯು ತೀರ್ಪು ಕೊಟ್ಟದ್ದರಿಂದ, ಒಮ್ಮೆ ಎದ್ದವರಲ್ಲಿ ಕೆಲವರಿಗೆ ಮತ್ತೊಮ್ಮೆ ಏಳಬೇಕಾದೀತೆಂಬ ಅಂಜಿಕೆ. ಅವರ ಕನಸಿನಲ್ಲಿ ಅಬ್ಬರವಿಲ್ಲ, ಕೂಗಾಟವಿಲ್ಲ. ಹಳೇ ಮನೆಯ ಹೊಸ್ತಿಲನ್ನು ನೀರಿನೊಳಗೆ ನಡೆಯುತ್ತಾ ಹುಡುಕುವರು, ಅಷ್ಟೇ. ಇಂಥ ಕನಸಿಗೂ ಜನರು ಅಳುತ್ತಾ ಏಳುವರೆಂದು ಹೊರಗಿನವರಿಗೆ ತಿಳಿಯದು.

ಇದರ ಮೇಲೆ ಭೂಕಂಪದ ನೆನಪೂ ಉಂಟು. ಕೊಯ್ನೆಯ ಭೂಕಂಪವು ೧೯೬೭ನೇ ಡಿಸೆಂಬರ್ ೧೧ರಂದು ಆಯಿತು. ಕಿಲ್ಲಾರಿಯದು ೧೯೯೩ನೇ ಸೆಪ್ಟೆಂಬರ್ ೩೦ರಂದು. ಅದರಲ್ಲಿ ಸುಮಾರು ಹತ್ತು ಸಾವಿರ ಜನರು, ನಮ್ಮ ಮನೆಗಳಂಥವೇ ಆದ ಕಲ್ಲುಮಣ್ಣಿನ ಮನೆಗಳಲ್ಲಿ ಮಲಗಿದ್ದಲ್ಲಿಯೇ ಸತ್ತರು. ಎರಡೂ ಬಂದದ್ದು ಬೆಳಗಿನ ಜಾವದಲ್ಲಿ. ಬೆಳಗಿನ ಜಾವದ ಕನಸು ಸುಳ್ಳಾಗದೆಂಬ ಹಿಂದಿನವರ ಮಾತಿಗೆ ಇದು ಸಾಕ್ಷಿಯಂತೆ ಆಯಿತು. ಕ್ರೈಸ್ತರಾದ ನಾವು ಹಲ್ಲಿಯ ಶಕುನವನ್ನು ಬಿಟ್ಟಿದ್ದೇವೆ, ಬೆಕ್ಕು ಅಡ್ಡ ಬಂದರೆ ನಿಲ್ಲುವದಿಲ್ಲ. ಆದರೆ ನಾಲ್ಕನೆಯ ಜಾವದ ಕನಸನ್ನು ಮಾತ್ರ ಇನ್ನೂ ಗಂಟು ಕಟ್ಟಿ ಇಟ್ಟುಕೊಂಡಿದ್ದೇವೆ.

ನಿದ್ರೆಯನ್ನು ಶೋಧಿಸಿದ ಪಂಡಿತರು ಈ ವಿಷಯದಲ್ಲಿ ತಿಳಿಸಿರುವದೇನಂದರೆ, ನಿದ್ರೆಯಲ್ಲಿ ಆಗಾಗ್ಗೆ ಒಂದು ಸ್ಥಿತಿ ಬರುವದು. ಆಗ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣು ಬಿರುಸಾಗಿ ಹೊರಳುವದು. ಎದ್ದು ಕಾಣುವಂಥ ಕನಸುಗಳು ಹೆಚ್ಚಾಗಿ ಆಗಲೇ ಬೀಳುವವು. ಇದನ್ನು ೧೯೫೩ರಲ್ಲಿ ಅಮೇರಿಕದ ಶಿಕಾಗೋ ನಗರದ ಅಸೆರಿನ್ಸ್ಕಿ, ಕ್ಲೈಟ್ಮನ್ ಎಂಬವರು ಪ್ರಕಟಿಸಿದರು. ಈ ಸ್ಥಿತಿಯು ಮೊದಲನೆಯ ಜಾವದಲ್ಲಿ ಅಲ್ಪಕಾಲ, ಬೆಳಗಾಗುತ್ತಾ ದೀರ್ಘಕಾಲ ಇರುವದು. ಹೀಗಿರಲಾಗಿ ಬೆಳಗಿನ ಜಾವದಲ್ಲಿ ಕನಸು ಹೆಚ್ಚು. ಕನಸಿನ ನಡುವೆಯೇ ಎಚ್ಚರವಾಗುವದರಿಂದ ನೆನಪಿನಲ್ಲಿ ಉಳಿಯುವದೂ ಹೆಚ್ಚು. ಹೆಚ್ಚು ನೆನಪಿರುವದನ್ನು ನಾವು ಹೆಚ್ಚು ಸತ್ಯವೆಂದು ಎಣಿಸಿದೆವು. ಮತ್ತೂ, ೧೯೮೯ರ ಅಕ್ಟೋಬರಿನಲ್ಲಿ ಅಮೇರಿಕದ ಸಾನ್ ಫ್ರಾನ್ಸಿಸ್ಕೋ ಸೀಮೆಯಲ್ಲಿ ಭೂಕಂಪವಾದಾಗ, ಆ ಕಡೆಯ ವಿದ್ಯಾರ್ಥಿಗಳ ಕನಸುಗಳನ್ನು ದೂರದ ಆರಿಜೋನದ ವಿದ್ಯಾರ್ಥಿಗಳ ಕನಸುಗಳ ಸಂಗಡ ಹೋಲಿಸಿ ನೋಡಿದರು. ನಡುಗಿದ ನೆಲದವರಿಗೆ ಕೆಟ್ಟ ಕನಸುಗಳು ಸುಮಾರು ಇಮ್ಮಡಿ ಬಿದ್ದಿದ್ದವು. ಅವರು ಭೂಕಂಪವನ್ನೇ ಹೆಚ್ಚಾಗಿ ಕಂಡಿದ್ದರು. ಅಂದರೆ ಇಂಥ ಕನಸು ಕೇಡಿನ ಮುಂದೆ ಓಡುವ ಹರಿಕಾರನಲ್ಲ. ಕೇಡು ಹೋದ ದಾರಿಯಲ್ಲಿ ಅದರ ಹಿಂದಿನಿಂದ ಬರುವಂಥದು.

“ಆದರೆ ನನ್ನ ಅತ್ತೆಯು ಕಂಡ ಕನಸು ನಿಜವಾಯಿತಲ್ಲಾ!” ಎಂದು ಯಾರಾದರೂ ಹೇಳುವರು. ಆಗಿರಬಹುದು. ೨೦೦೫ರಿಂದ ೨೦೨೧ರ ವರೆಗೆ ಹದಿನೇಳು ಮಳೆಗಾಲಗಳು ಹೋದವು. ಪ್ರತಿ ಮಳೆಗಾಲವೂ ಹೊಳೆಯನ್ನು ಕನಸಿನಲ್ಲಿ ಕಾಣುವ ಮುದುಕಿಗೆ ನಾಲ್ಕೈದು ಸಾರಿಯಾದರೂ ಕನಸು ನಿಜವಾಗಲೇ ಬೇಕು. ಉಳಿದ ಹನ್ನೆರಡನ್ನು ಎಣಿಸಿದವರು ಯಾರು?

ಹೀಗೆ ಎಣಿಸಿ ನೋಡಿದ ಒಂದು ಸಂಗತಿಯನ್ನು ಇಲ್ಲಿ ಹೇಳುವದು ಯೋಗ್ಯ. ವೇಲ್ಸ್ ಎಂಬ ದೇಶದಲ್ಲಿ ಅಬರ್ಫಾನ್ ಎಂಬ ಗಣಿಯವರ ಹಳ್ಳಿ ಉಂಟು. ಅದರ ಮೇಲಣ ಗುಡ್ಡದಲ್ಲಿ ಕಲ್ಲಿದ್ದಲಿನ ಕಸವನ್ನು ಬೆಟ್ಟದಂತೆ ಒಟ್ಟಿದ್ದರು. ೧೯೬೬ನೇ ಅಕ್ಟೋಬರ್ ೨೧ರಂದು ಮುಂಜಾನೆ ಆ ಒಟ್ಟಲು ನೀರಿನಿಂದ ನೆನೆದು ಜಾರಿ ಶಾಲೆಯ ಮೇಲೆ ಬಿತ್ತು. ೧೪೪ ಜನರು ಸತ್ತರು. ಅವರಲ್ಲಿ ೧೧೬ ಮಂದಿ ಮಕ್ಕಳು. ಆ ಮೇಲೆ ಜಾನ್ ಬಾರ್ಕರ್ ಎಂಬ ಮನೋವೈದ್ಯನು, ಈ ಕೇಡನ್ನು ಮೊದಲೇ ಕನಸಿನಲ್ಲಿಯೋ ಮನಸ್ಸಿನಲ್ಲಿಯೋ ಕಂಡವರು ತನಗೆ ಬರೆಯಬೇಕೆಂದು ಲಂಡನಿನ ಒಂದು ಪತ್ರಿಕೆಯ ಮೂಲಕ ಕೇಳಿಕೊಂಡನು. ೭೬ ಪತ್ರಗಳು ಬಂದವು. ಮರುವರುಷ, ಇಂಥ ಮುನ್ಸೂಚನೆಗಳನ್ನು ಕೇಡಿಗೆ ಮುಂಚೆಯೇ ಬರೆದಿಟ್ಟುಕೊಳ್ಳುವ ಏರ್ಪಾಡನ್ನೂ ಮಾಡಿದರು. ನೂರಾರು ಪತ್ರಗಳು ಬಂದವು. ಅವುಗಳಿಂದ ಒಂದು ಅನಾಹುತವನ್ನಾದರೂ ತಪ್ಪಿಸಲಾಗಲಿಲ್ಲ.

ಇದಕ್ಕಿಂತ ದುಃಖದ ಮಾತು ಬೇರೆ ಉಂಟು. ಶಾಲೆಯ ಹಿಂದೆ ಒಟ್ಟುತ್ತಿರುವ ಕಸದಿಂದ ಅಪಾಯವುಂಟೆಂದು ಆ ಊರಿನ ಆಡಳಿತದ ಇಂಜಿನಿಯರರು ೧೯೬೩ರಲ್ಲಿಯೇ, ಎಚ್ಚರವಿದ್ದು, ಹಗಲು ಹೊತ್ತಿನಲ್ಲಿ, ಕಾಗದದ ಮೇಲೆ ಬರೆದು ತಿಳಿಸಿದ್ದರು. ಅದಕ್ಕೆ ತಕ್ಕದ್ದನ್ನು ಯಾರೂ ಮಾಡಲಿಲ್ಲ. ೧೯೬೭ರಲ್ಲಿ ವಿಚಾರಣೆ ಮಾಡಿದ ಮಂಡಳಿಯು ತಪ್ಪನ್ನು ಕಲ್ಲಿದ್ದಲು ಮಂಡಳಿಯ ಮೇಲೆ ಹೊರಿಸಿತು. ರಾತ್ರಿಯ ಕನಸುಗಳನ್ನು ಕೂಡಿಸಲಿಕ್ಕೆ ಜನರಿದ್ದರು. ಹಗಲಿನ ಕಾಗದದಂತೆ ನಡೆಯಲಿಕ್ಕೆ ಯಾರೂ ಇರಲಿಲ್ಲ.

ನಮ್ಮ ಹೊಳೆಗಳಿಗೂ ಹಗಲಿನ ಕಾಗದವುಂಟು. ನಮ್ಮದು ಮಳೆ ಕಡಿಮೆಯ ಸೀಮೆ. ಕೃಷ್ಣೆಯನ್ನು ತುಂಬಿಸುವ ಮಳೆಯು ಮಹಾಬಳೇಶ್ವರ, ಕೊಯ್ನೆಗಳ ಕಡೆ ಬೀಳುವದು. ಕನಸಿನ ಮಹಾಪೂರದಲ್ಲಿ ಆಕಾಶವು ಕಪ್ಪಾಗುವದು, ಗುಡುಗು ಹೊಡೆಯುವದು, ನೀರು ಗೋಡೆಯಂತೆ ಎದ್ದು ಬರುವದು. ನಿಜವಾದದ್ದು ಅನೇಕ ಸಾರಿ ಒಳ್ಳೇ ಬಿಸಿಲಿನಲ್ಲಿ ಬರುವದು. ಹೊಳೆಯ ಕಡೆಯಿಂದಲೂ ಅಲ್ಲ, ಹಿತ್ತಲಿನ ಹಳ್ಳದಿಂದ ಹಿಂದಕ್ಕೆ ಏರುತ್ತಾ, ಸದ್ದಿಲ್ಲದೆ ಕಬ್ಬಿನ ಸಾಲುಗಳೊಳಗೆ ಹರಿದು ಬರುವದು. ಕನಸಿನಲ್ಲಿ ಕಂಡಂತೆಯೇ ಬರುವದೆಂದು ಕಾದುಕೊಂಡವನು ಇದನ್ನು ಗುರುತಿಸಲಾರನು. ಹಿಪ್ಪರಗಿ ಬ್ಯಾರೇಜಿಗೆ ಇಂದು ಎಷ್ಟು ನೀರು ಬಂತು, ಹಿಡಕಲ್ಲಿನಿಂದ ಎಷ್ಟು ಬಿಟ್ಟರು ಎಂಬ ಲೆಕ್ಕವನ್ನು ಕೇಳಿಕೊಂಡವನೇ ಗುರುತಿಸುವನು. ಫರೋಹನ ಕನಸಿನ ಮಾತನ್ನು ನೀವು ಎತ್ತುವಿರೆಂದು ಬಲ್ಲೆವು. ಅಂಥ ಕನಸನ್ನು ದೇವರು ಕೊಡಲಾರನೆಂದು ನಾವು ಹೇಳುವದಿಲ್ಲ. ಆದರೆ ಯೋಸೇಫನು ಅರ್ಥ ಹೇಳಿ ಮನೆಗೆ ಹೋಗಲಿಲ್ಲ; ಏಳು ವರುಷ ಐದರಲ್ಲಿ ಒಂದು ಪಾಲನ್ನು ಅಳೆಯಿಸಿ ಕಣಜಕ್ಕೆ ಹಾಕಿಸಿದನು. ಬರದಲ್ಲಿ ಐಗುಪ್ತದ ಜನರು ತಿಂದದ್ದು ಆ ಧಾನ್ಯವನ್ನು.

ಇನ್ನು ನಂಬಿಕೆಯ ಪ್ರಶ್ನೆ. ಗಟ್ಟಿಯಾದ ವಿಶ್ವಾಸಿಗೆ ಕೆಟ್ಟ ಕನಸು ಬೀಳದೆಂದು ಹೇಳುವ ಬೋಧಕರು ಇದ್ದಾರೆ. ಅವರು ಯೋಬನ ಪುಸ್ತಕವನ್ನು ಸಾವಧಾನವಾಗಿ ಓದಿದರೆ ಒಳ್ಳೇದು. ಯೋಬನ ಮಕ್ಕಳು ಸತ್ತದ್ದು ಹೇಗೆ? ಅಡವಿಯ ಕಡೆಯಿಂದ ಬಿರುಗಾಳಿ ಬೀಸಿ ಮನೆಯ ನಾಲ್ಕು ಮೂಲೆಗಳನ್ನು ಹೊಡೆದು ಕೆಡವಿತು. ಆ ಮೇಲೆ ಅವನು ಹೇಳಿಕೊಂಡ ದೂರುಗಳಲ್ಲಿ ಒಂದು ಯಾವದಂದರೆ, ಹಾಸಿಗೆಯಲ್ಲಾದರೂ ಸಮಾಧಾನ ಸಿಕ್ಕೀತೆಂದು ಮಲಗಿದರೆ ಅಲ್ಲಿಯೂ ಕನಸುಗಳು ತನ್ನನ್ನು ಹೆದರಿಸುತ್ತವೆ ಎಂಬದೇ. ಯಾರನ್ನು ದೇವರು ತಾನೇ ನೀತಿವಂತನೆಂದು ಸಾಕ್ಷಿ ಹೇಳಿದನೋ ಅವನೇ ಬೆವತು ಎದ್ದನು. ಇಷ್ಟರಿಂದ ಈ ಪ್ರಶ್ನೆ ತೀರಬೇಕು.

ಆದರೆ ಆ ಪುಸ್ತಕದಲ್ಲಿ ನಾವು ವಾಚಕರಿಗೆ ವಿಶೇಷವಾಗಿ ತೋರಿಸಬೇಕೆಂದಿರುವದು ಯೋಬನನ್ನಲ್ಲ, ಅವನ ಸ್ನೇಹಿತರನ್ನು. ಅವರು ಬಂದು ಏಳು ದಿನ ಏಳು ರಾತ್ರಿ ಅವನ ಸಂಗಡ ನೆಲದ ಮೇಲೆ ಕೂತರು, ಒಂದು ಮಾತೂ ಆಡಲಿಲ್ಲ. ಅವರು ಮಾಡಿದ್ದರಲ್ಲಿ ಅದೇ ಉತ್ತಮ ಕೆಲಸ. ಎಂಟನೆಯ ದಿನ ಬಾಯಿ ತೆರೆದು ಅರ್ಥ ಹೇಳಲಾರಂಭಿಸಿದರು, ಅಲ್ಲಿಗೆ ಕೆಟ್ಟಿತು. ಮೊದಲು ಮಾತಾಡಿದ ಎಲೀಫಜನು ತನ್ನ ಮಾತಿಗೆ ಆಧಾರವಾಗಿ ತಂದದ್ದೇನು? ರಾತ್ರಿಯ ವೇಳೆಯಲ್ಲಿ ತಾನು ಕಂಡ ಒಂದು ದರ್ಶನ! ಮೈಕೂದಲು ನಿಮಿರಿತೆಂದು ವರ್ಣಿಸಿ ಹೇಳಿದನು. ತನ್ನ ಕನಸನ್ನು ಹಿಡಿದು ಕನಸಿನಿಂದ ನೊಂದವನನ್ನು ಹೊಡೆದನು. ಕಡೆಯಲ್ಲಿ ದೇವರ ಕೋಪವು ಆ ಎಲೀಫಜನ ಮೇಲೆಯೂ ಅವನ ಜೊತೆಗಾರರ ಮೇಲೆಯೂ ಉರಿಯಿತೇ ಹೊರತು ದೂರು ಹೇಳಿದ ಯೋಬನ ಮೇಲೆ ಅಲ್ಲ. ನಮ್ಮ ಹಳ್ಳಿಗಳಲ್ಲಿ ಎಲೀಫಜರಿಗೆ ಕೊರತೆಯಿಲ್ಲ. “ನನಗೂ ಬಿದ್ದಿತ್ತು, ಇದು ನಿಮ್ಮ ಮನೆಗೇ ಹೇಳಿದ ಮಾತು,” ಎಂದು ಕಟ್ಟೆಯ ಮೇಲೆ ಕೂತು ನುಡಿಯುವರು. ಈಗಂತೂ ಕೈಯಲ್ಲಿಯ ಫೋನಿನ ಮೂಲಕ, ಅಣೆಕಟ್ಟು ಒಡೆಯಿತಂತೆ, ಇಂಥವರಿಗೆ ಕನಸಾಗಿತ್ತಂತೆ ಎಂಬ ಮಾತು ಅರ್ಧ ಗಳಿಗೆಯಲ್ಲಿ ನಾಲ್ಕು ಸೀಮೆಗಳಿಗೂ ಮುಟ್ಟುವದು. ಕನಸು ಕಂಡವನಲ್ಲಿ ಪಾಪವಿಲ್ಲ; ಅದನ್ನು ಹೊತ್ತುಕೊಂಡು ಊರನ್ನು ಹೆದರಿಸುವವನಲ್ಲಿ ಉಂಟು. ಯಾಕಂದರೆ ಎರಡು ಸಾರಿ ಸುಳ್ಳಿಗೆ ಓಡಿದ ಜನರು ಮೂರನೆಯ ಸಾರಿ ತಲಾಟಿಯು ನಿಜವಾಗಿಯೇ ಬಂದು ಎಬ್ಬಿಸಿದರೂ ಏಳುವದಿಲ್ಲ.

ಈಗ ಆ ಮೂರನೆಯ ಪ್ರಶ್ನೆಗೆ ಬರುವೆವು. ಮುಧೋಳ ಸೀಮೆಯ ಒಬ್ಬ ಸಹೋದರಿಯು, ೨೦೧೯ರಲ್ಲಿ ನೀರು ಅಂಗಳಕ್ಕೆ ಬಂದಾಗ, ಕಣ್ಣು ಕಾಣದ ಅತ್ತೆಯನ್ನು ಬೆನ್ನ ಮೇಲೆ ಹೊತ್ತುಕೊಂಡು ದಿಬ್ಬಕ್ಕೆ ಏರಿದಳು. ಗೂಟಕ್ಕೆ ಕಟ್ಟಿದ ಕರು ಹಾಗೆಯೇ ಉಳಿಯಿತು. ಆ ಮೇಲೆ ಪ್ರತಿ ಮಳೆಗಾಲದಲ್ಲಿ ಅವಳಿಗೆ ಬೀಳುವ ಕನಸಿನಲ್ಲಿ ಅವಳು ಕರುವಿನ ಕಣ್ಣಿಯನ್ನು ಬಿಚ್ಚುತ್ತಿರುವಳು. ನೆನೆದ ಗಂಟು ಬಿಚ್ಚದು. ನೋಡಿದರೆ ಕರುವಿನ ಸ್ಥಳದಲ್ಲಿ ತನ್ನ ಮಗನು ನಿಂತಿರುವನು. ಆಗ ಅವಳು ಕೈಬಿಟ್ಟು ಓಡುವಳು. “ಅಯ್ಯನವರೇ, ನಾ ಅಂಥಾಕಿ ಏನ್ರೀ?” ಎಂದು ಅವಳು ಕೇಳಿದಳು.

ಈ ಪ್ರಶ್ನೆ ಹಳೇದು. ಸಭೆಯ ಪಿತೃಗಳಲ್ಲಿ ಒಬ್ಬನಾದ ಅಗಸ್ತೀನನು, ನಿದ್ರೆಯಲ್ಲಿ ತನ್ನ ಮನಸ್ಸು ಒಪ್ಪಿಕೊಳ್ಳುವ ಕೆಲಸಗಳಿಗೆ ತಾನು ಹೊಣೆಯೋ ಎಂದು ತನ್ನ ಅರಿಕೆಗಳಲ್ಲಿ ವಿಚಾರಿಸಿದ್ದಾನೆ. ಎಚ್ಚತ್ತಾಗ ಮನಸ್ಸಾಕ್ಷಿಯು ತಿರಿಗಿ ನೆಮ್ಮದಿಗೆ ಬರುವದನ್ನು ಕಂಡು, ಅದನ್ನು ಮಾಡಿದವರು ನಾವಲ್ಲ, ನಮ್ಮಲ್ಲಿ ಹೇಗೋ ಆಗಿಹೋಯಿತು ಎಂಬ ಅಭಿಪ್ರಾಯಕ್ಕೆ ಬಂದನು. ನಮಗೂ ಹಾಗೆಯೇ ತೋರುವದು. ಮಾಡುವದೋ ಬಿಡುವದೋ ಎಂದು ಆರಿಸಿಕೊಳ್ಳುವ ಶಕ್ತಿ ಇರುವಲ್ಲಿ ಮಾತ್ರ ಗುಣದೋಷದ ಲೆಕ್ಕವುಂಟು. ಕನಸಿನಲ್ಲಿ ಆ ಶಕ್ತಿ ಮಲಗಿರುವದು, ಅಂಜಿಕೆಯೊಂದೇ ಎದ್ದಿರುವದು. ಕೈಬಿಟ್ಟು ಓಡಿದವಳು ಅವಳಲ್ಲ. ಅವಳು ಯಾರೆಂಬದು ಹಗಲಿನಲ್ಲಿ, ಎದೆಮಟ್ಟದ ನೀರಿನಲ್ಲಿ, ಅತ್ತೆಯನ್ನು ಹೊತ್ತು ನಡೆದಾಗಲೇ ಗೊತ್ತಾಯಿತು. “ತಂಗೀ, ಬೆನ್ನು ಒಂದೇ ಇತ್ತು,” ಎಂದು ನಾವು ಅಂದೆವು. ಕರುವಿಗಾಗಿ ಅಳುವದು ಸರಿ, ಅದು ದುಃಖ. ದುಃಖವನ್ನು ಅಪರಾಧವೆಂದು ತಿಳಿಯುವದೇ ಅವಳ ಸಂಕಟಕ್ಕೆ ಕಾರಣ.

ಆದರೆ ಇದನ್ನು ಓದಿ ಎಲ್ಲರೂ ಕೈತೊಳೆದುಕೊಳ್ಳಬಾರದು. ಬೇರೊಂದು ಊರಿನಲ್ಲಿ ಒಬ್ಬನು ಅದೇ ಮಹಾಪೂರದ ರಾತ್ರಿ ಟ್ರ್ಯಾಕ್ಟರಿನಲ್ಲಿ ತನ್ನ ಸಾಮಾನುಗಳನ್ನೆಲ್ಲಾ ಹೇರಿಕೊಂಡು, ಓಣಿಯ ಕೊನೆಯಲ್ಲಿದ್ದ ಒಂಟಿ ಮುದುಕನ ಬಾಗಿಲನ್ನು ತಟ್ಟದೆ ಹೋದನು. ಮುದುಕನನ್ನು ಬೆಳಿಗ್ಗೆ ದೋಣಿಯವರು ಎತ್ತಿ ತಂದರು, ಜೀವ ಉಳಿಯಿತು. ಆ ಮನುಷ್ಯನಿಗೂ ಕನಸು ಬೀಳುವದು: ಯಾರೋ ಬಾಗಿಲು ಬಡಿಯುವರು, ಅವನು ತೆರೆಯಲಾರನು. ಇವನಿಗೂ ಕನಸಿನ ಅಪರಾಧವಿಲ್ಲ, ಎಚ್ಚರದ ಅಪರಾಧವುಂಟು. ಇವನು ಕನಸಿಗೆ ಔಷಧವನ್ನು ಹುಡುಕುವದಕ್ಕಿಂತ ಮುಂಚೆ ಹಗಲಲ್ಲಿ ಎದ್ದು ಆ ಮುದುಕನ ಮನೆಗೆ ಹೋಗಿ ಬಾಗಿಲು ತಟ್ಟತಕ್ಕದ್ದು. ನಾವು ಅವನಿಗೆ ಹೇಳಿದ್ದೇವೆ. ಹೋಗಿದ್ದಾನೋ ಇಲ್ಲವೋ, ಅವನೇ ಹೇಳಬೇಕು.

ಮನೆಯವರು ಮಾಡತಕ್ಕದ್ದರ ವಿಷಯವಾಗಿ ಸ್ವಲ್ಪ ಹೇಳುವೆವು. ಕಿರಿಚಿ ಎದ್ದವರನ್ನು ಗದರಿಸಬೇಡಿರಿ. ದೀಪ ಹಚ್ಚಿ, ನೀರು ಕೊಟ್ಟು, ಇದು ನಮ್ಮ ಮನೆ, ನೆಲ ಒಣಗಿದೆ ಎಂದು ತೋರಿಸಿರಿ. ಕೇಳುವದಾದರೆ ಬೆಳಕಿನಲ್ಲಿ ಕೇಳಿರಿ, ಅರ್ಥ ಹೇಳಬೇಡಿರಿ. ಮಂತ್ರಿಸಿದ ದಾರ, ತಾಯಿತಗಳಿಗೆ ಹಣ ಸುರಿಯಬೇಡಿರಿ. ಪ್ರಾರ್ಥನೆಯಂತೂ ಇರಲಿ, ಆದರೆ ಪ್ರಾರ್ಥನೆ ಮಾಡಿದರೂ ಕನಸು ಬಿದ್ದವರನ್ನು ಪ್ರಾರ್ಥನೆ ಸಾಲದೆಂದು ಜರೆಯಬೇಡಿರಿ. ವೈದ್ಯರು ಹೇಳಿಕೊಡುವ ಒಂದು ಉಪಾಯವುಂಟು. ಕನಸನ್ನು ಹಗಲಲ್ಲಿ ಪೂರ್ತಿಯಾಗಿ ಹೇಳಿ ಅಥವಾ ಬರೆದು, ಅದರ ಕೊನೆಯನ್ನು ತಮಗೆ ಬೇಕಾದಂತೆ ಬದಲಿಸಿ, ಆ ಹೊಸ ಕಥೆಯನ್ನು ದಿನಾಲು ಕೆಲವು ನಿಮಿಷ ಮನಸ್ಸಿನಲ್ಲಿ ನಡಿಸುವದು. ಬಲಾತ್ಕಾರಕ್ಕೆ ಒಳಗಾಗಿ ಕೆಟ್ಟ ಕನಸುಗಳಿಂದ ನರಳುತ್ತಿದ್ದ ಸ್ತ್ರೀಯರಲ್ಲಿ ಅಮೇರಿಕದ ವೈದ್ಯರು ಇದನ್ನು ಪರೀಕ್ಷಿಸಿ, ಕನಸುಗಳು ಕಡಿಮೆಯಾದವೆಂದು ೨೦೦೧ರಲ್ಲಿ ಪ್ರಕಟಿಸಿದರು. ಇದಕ್ಕೆ ಖರ್ಚಿಲ್ಲ, ಓದು ಬರಹವೂ ಬೇಕಿಲ್ಲ. ಯಾರಿಗೆ ತಿಂಗಳು ಕಳೆದರೂ ನಿದ್ರೆ ಹತ್ತದೋ, ಅನ್ನ ಸೇರದೋ, ಬದುಕು ಬೇಡವೆನಿಸುವದೋ ಅವರನ್ನು ತಡಮಾಡದೆ ತಾಲೂಕಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿರಿ. ೨೦೨೨ರಲ್ಲಿ ಸರಕಾರವು ಆರಂಭಿಸಿದ ೧೪೪೧೬ ಎಂಬ ದೂರವಾಣಿಗೆ ಹಣವಿಲ್ಲದೆ ಕನ್ನಡದಲ್ಲಿಯೇ ಮಾತಾಡಬಹುದು.

ಮುಧೋಳ ಸೀಮೆಯ ಆ ಸಹೋದರಿಯು ತನ್ನ ಕನಸನ್ನು ಮೊದಲ ಸಾರಿ ಗಂಡನಿಗೆ ಹೇಳಿದ್ದು ಈ ಮಾತುಕತೆಯ ಮೇಲೆ. ಅವನು ಹೆಚ್ಚೇನೂ ಮಾತಾಡಲಿಲ್ಲವಂತೆ. ಮರುದಿನ ಗೋದಲಿಗೆ ಹೋಗಿ ಎಲ್ಲಾ ದನಗಳ ಕಣ್ಣಿಗಳನ್ನು ತೆಗೆದು, ಒಂದೇ ಕೈಯಿಂದ ಎಳೆದರೆ ಬಿಚ್ಚುವ ಜಾರುಗಂಟು ಹಾಕಿದನು; ಕತ್ತಲೆಯಲ್ಲಿ, ಕಣ್ಣು ಮುಚ್ಚಿಕೊಂಡು, ಅವಳ ಕೈಯಿಂದಲೇ ನಾಲ್ಕು ಸಾರಿ ಬಿಚ್ಚಿಸಿದನು. ಓಣಿಯವರು ನೋಡಿ ನಕ್ಕರು. ಆ ಮೇಲೆ ಇಬ್ಬರು ಮೂವರು ತಾವೂ ಹಾಗೆಯೇ ಕಟ್ಟಿದರು. ಕನಸು ಪೂರ್ತಿಯಾಗಿ ನಿಂತಿಲ್ಲ. ಮಳೆಗಾಲದಲ್ಲಿ ಈಗಲೂ ಬೀಳುವದು. ಕೆಲವು ರಾತ್ರಿ ಗಂಟು ಬಿಚ್ಚುವದಂತೆ, ಕರುವು ಅವಳಿಗಿಂತ ಮುಂದಾಗಿ ದಿಬ್ಬವನ್ನು ಏರುವದಂತೆ.